ಟವಲಿನ ಕೆಳಗಿನ ಕೈ

ನಮ್ಮ ಕಡೆಯ ಬಸ್ಸುಗಳಲ್ಲಿ ಮೊಬೈಲ್ ಫೋನಿನ ಪರದೆ ಎಂಬುದು ಸಾರ್ವಜನಿಕ ಆಸ್ತಿ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನೀವು ಕಿಟಕಿಯ ಪಕ್ಕ ಮುದುಡಿ ಕುಳಿತು, ಫೋನನ್ನು ಎದೆಗೆ ಅವಚಿಕೊಂಡಂತೆ ಹಿಡಿದು, ಹೆಂಡತಿಗೊಂದು ಸಂದೇಶ ಕಳಿಸುತ್ತಿದ್ದೀರಿ ಎಂದುಕೊಳ್ಳಿ. ಪಕ್ಕದ ಸೀಟಿನ ಅಪರಿಚಿತ ಮಹನೀಯರು ತಮ್ಮ ಗದ್ದವನ್ನು ನಿಮ್ಮ ಭುಜದ ಸರಹದ್ದಿಗೆ ತಂದು, ನೀವು ಬರೆದದ್ದನ್ನು ಆದ್ಯಂತ ಓದಿ, ಅಗತ್ಯ ಕಂಡರೆ ತಿದ್ದುಪಡಿಯನ್ನೂ ಸೂಚಿಸುತ್ತಾರೆ. ಒಮ್ಮೆ ನಾನು ಕಲ್ಯಾಣದುರ್ಗದಲ್ಲಿರುವ ಸೋದರಮಾವನ ಹೆಂಡತಿಗೆ 'ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಅತ್ತೆ' ಎಂದು ಬರೆಯುತ್ತಿದ್ದಾಗ, ಮಡಕಶಿರಾದಲ್ಲಿ ಹತ್ತಿದ್ದ ಒಬ್ಬರು, "ಆಗಲ್ಲ ಕಣಣ್ಣ, ಈ ಬಸ್ಸು ಪಾವಗಡದಾಗೆ ಟೀ ಕುಡ್ಯಾಕೆ ನಿಂತ್ಕಂತದೆ. ಊಟ ಮುಚ್ಚಿಕ್ಕು ಅಂತ ಬರಿ" ಎಂದರು. ನಾನು ಹಾಗೆಯೇ ಬರೆದೆ. ಬಸ್ಸು ಹಾಗೆಯೇ ನಿಂತಿತು.

ಇದರಿಂದ ನನಗಾದ ಮುಜುಗರಕ್ಕೆ ಒಂದು ವಿಶೇಷ ಕಾರಣವುಂಟು. ಈಗ ಕೆಲವು ವರ್ಷಗಳಿಂದ ಗೋಪ್ಯತೆಯೇ ನನ್ನ ಹೊಟ್ಟೆಪಾಡು. ಹಿಂದೂಪುರದ ಒಂದು ಹುಣಸೆಹಣ್ಣಿನ ಗೋದಾಮಿನ ಮೇಲ್ಮಹಡಿಯ ಕೋಣೆಯಲ್ಲಿ ಕುಳಿತು, ಕೆಳಗಿನಿಂದ ಏರಿ ಬರುವ ಹುಳಿವಾಸನೆಗೆ ಸದಾ ಬಾಯಲ್ಲಿ ನೀರೂರಿಸಿಕೊಳ್ಳುತ್ತ, ಮೊಬೈಲಿನಲ್ಲಿ ಕ್ರಿಪ್ಟೊ ನಾಣ್ಯ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಒಂದನ್ನು ಕಟ್ಟುತ್ತಿದ್ದೇನೆ. ಕಣ್ಣಿಗೆ ಕಾಣದ, ಕೈಗೆ ಸಿಗದ, ಕಲ್ಲಿನ ಮೇಲೆ ಎಸೆದರೂ ಸದ್ದು ಮಾಡದ ನಾಣ್ಯಕ್ಕೆ ಅಷ್ಟೇ ಅಗೋಚರವಾದ ಒಂದು ಹಣದ ಚೀಲ. ಯಾರು ಕೊಟ್ಟರು, ಯಾರು ಕೊಂಡರು, ಎಷ್ಟು ಎಂಬುದು ಮೂರನೆಯವನಿಗೆ ತಿಳಿಯದಂತೆ ಮುಚ್ಚುವುದೇ ಇದರ ಹೆಚ್ಚುಗಾರಿಕೆ. ಆ್ಯಪ್ ತೆರೆದೊಡನೆ ಕಾಣುವ ವಾಕ್ಯವನ್ನು ನಾನೇ ಬರೆದದ್ದು, ಬರೆದು ನಾನೇ ಮೆಚ್ಚಿಕೊಂಡದ್ದು: 'ಇದನ್ನು ನಿಮ್ಮ ಹೊರತು ಯಾರೂ ತೆರೆಯಲಾರರು. ನಾವೂ ತೆರೆಯಲಾರೆವು.'

ನಾನು ಹುಟ್ಟಾ ಶಂಕಾಪಿಶಾಚಿ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವವರು ಲೋಕದಲ್ಲಿ ಅನೇಕರಿದ್ದಾರೆ. ಜಗ್ಗಿ ನೋಡಿದ್ದರಿಂದಲೇ ಬೀಗ ಸಡಿಲವಾಗಿರಬಹುದೆಂದು ಬೀದಿಯ ತುದಿಯಿಂದ ಮರಳಿ ಬರುವವನು ನಾನೊಬ್ಬನೇ ಇರಬೇಕು. "ನಿಮ್ಮಂಥೋರು ಮಾಡಿದ ಬೀಗ ಅಂದ್ರೆ ಭದ್ರವಾಗೇ ಇರ್ತದೆ ಬಿಡ್ರಿ, ಆದ್ರೆ ತೆಗೆಯೋದು ಯಾವಾಗ?" ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಅವಳ ವ್ಯಂಗ್ಯಗಳಿಗೆ ಭವಿಷ್ಯವಾಣಿಯ ಗುಣವಿದೆಯೆಂಬುದು ನನಗೆ ಯಾವಾಗಲೂ ತಡವಾಗಿ ತಿಳಿಯುತ್ತದೆ.

ಓದುಗರಿಗೆ ಇಲ್ಲಿ ಒಂದೆರಡು ತಾಂತ್ರಿಕ ಸಂಗತಿ ಹೇಳಲೇಬೇಕು; ಆಕಳಿಕೆ ಬರುವ ಮುನ್ನ ಮುಗಿಸುತ್ತೇನೆ. ಇಂಥ ವಾಲೆಟ್ಟಿಗೆ ಕೀಲಿಕೈ ಎಂದರೆ ಹನ್ನೆರಡು ಪದಗಳು. ಎರಡು ಸಾವಿರಕ್ಕೂ ಮಿಕ್ಕ ಇಂಗ್ಲಿಷ್ ಪದಗಳ ನಿಗದಿತ ಸಾಲಿನಿಂದ ಯಂತ್ರ ಹೆಕ್ಕಿ ಕೊಟ್ಟ ಹನ್ನೆರಡು. ಫೋನು ಕಳೆದರೂ, ಸುಟ್ಟರೂ, ಆ ಪದಗಳನ್ನು ಅದೇ ಕ್ರಮದಲ್ಲಿ ಹೇಳಿದವನ ಮುಂದೆ ಚೀಲ ಮತ್ತೆ ತೆರೆದುಕೊಳ್ಳುತ್ತದೆ. ಇದರ ಮೇಲೆ, ಬೇಕಾದವರು ಹದಿಮೂರನೆಯದೊಂದನ್ನು ತಾವೇ ಆರಿಸಿಕೊಳ್ಳಬಹುದು. ಅದನ್ನು ಸೇರಿಸಿದರೆ ಮೊದಲ ಚೀಲದ ಬದಲು ಇನ್ನೊಂದೇ ಚೀಲ ತೆರೆಯುತ್ತದೆ. ಅಂಥದ್ದೊಂದು ಇದೆಯೆಂಬುದಕ್ಕೆ ಫೋನಿನಲ್ಲಿ ಸಾಕ್ಷಿಯೇ ಇರುವುದಿಲ್ಲ. ಇನ್ನೂ ಒಂದು ವಿಚಿತ್ರವೆಂದರೆ, ಹದಿಮೂರನೆಯದನ್ನು ತಪ್ಪಾಗಿ ಹೇಳಿದರೂ ಯಂತ್ರ 'ತಪ್ಪು' ಎನ್ನುವುದಿಲ್ಲ. ಅದಕ್ಕೂ ಒಂದು ಚೀಲವನ್ನು ತೆರೆದು ತೋರಿಸುತ್ತದೆ, ಖಾಲಿ ಚೀಲ. ಅಂದರೆ ಜಗತ್ತಿನ ಪ್ರತಿಯೊಂದು ಪದದ ಹಿಂದೆಯೂ ಬರಿದಾದ ಒಂದು ಕೋಣೆ, ಬಾಗಿಲು ತಟ್ಟುವವರಿಗಾಗಿ ಕಾಯುತ್ತ ನಿಂತಿದೆ. ಈ ಭಾಗವನ್ನು ಬರೆದು ಪರೀಕ್ಷಿಸುತ್ತಿದ್ದಾಗ, ಹಾಡಹಗಲಿನಲ್ಲಿ, ಕೆಳಗೆ ಹಮಾಲಿಗಳು ಬೈದಾಡುತ್ತಿದ್ದರೂ, ನನಗೆ ಬೆನ್ನು ತಣ್ಣಗಾಗಿತ್ತು.

ಹೀಗೆ ಮುಚ್ಚಿಡುವ ವಿದ್ಯೆ ಬೆಂಗಳೂರಿನಿಂದ ಬಂದದ್ದೆಂದು ನೀವು ಭಾವಿಸಿದ್ದರೆ, ನನ್ನ ಸೋದರಮಾವ ಹನುಮಂತರಾಯಪ್ಪನವರನ್ನು ನೀವು ಕಂಡಿಲ್ಲ. ಮಾವ ಹಿಂದೂಪುರದ ಹುಣಸೆ ಮಂಡಿಯಲ್ಲಿ ದಲ್ಲಾಳಿಯಾಗಿದ್ದವರು. ಅವರ ಕಾಲದಲ್ಲಿ ರೇಟನ್ನು ಬಾಯಿಬಿಟ್ಟು ಕೂಗುತ್ತಿರಲಿಲ್ಲ. ಮಾರುವವನ ಬಲಗೈಯನ್ನೂ ಕೊಳ್ಳುವವನ ಬಲಗೈಯನ್ನೂ ಒಂದು ಟವಲಿನ ಕೆಳಗೆ ಸೇರಿಸಿ, ಬೆರಳು ಹಿಡಿದು ವ್ಯಾಪಾರ. ತೋರುಬೆರಳು ಹಿಡಿದರೆ ಒಂದು, ನಡುಬೆರಳೂ ಸೇರಿದರೆ ಎರಡು, ಇಡೀ ಪಂಜಕ್ಕೆ ಐದು. ಅಲ್ಲಿಂದ ಮುಂದಕ್ಕೆ ಗೆಣ್ಣು ಒತ್ತುವುದು, ಅಂಗೈ ಗೀರುವುದು. ಬರಿದೆ ಸವರಿದರೆ ಸೊನ್ನೆ. ಒಪ್ಪಿಗೆಯಾದರೆ ಕೈಯನ್ನು ಒಮ್ಮೆ ಬಲವಾಗಿ ಅದುಮಿ ಬಿಡಬೇಕು. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಅಲುಗುವ ಟವಲು ಮತ್ತು ಏನೂ ನಡೆಯುತ್ತಿಲ್ಲವೆಂಬಂತೆ ಬೇರೆಲ್ಲೋ ನೋಡುತ್ತಿರುವ ಎರಡು ಮುಖ. ಟವಲಿನ ಕೆಳಗೆ ನಡೆದದ್ದನ್ನು ಇಬ್ಬರೂ ಸಾಯುವವರೆಗೆ ಯಾರಿಗೂ ಹೇಳುವಂತಿರಲಿಲ್ಲ. ಹೇಳಿದವನ ಕೈಯನ್ನು ಮಂಡಿಯಲ್ಲಿ ಮತ್ತೆ ಯಾರೂ ಹಿಡಿಯುತ್ತಿರಲಿಲ್ಲ. ಕಾಲೇಜಿನ ರಜೆಗಳಲ್ಲಿ ಮಾವ ನನಗೂ ಇದನ್ನು ಕಲಿಸಿದ್ದರು. ಕಾಮರ್ಸ್ ಪದವಿಗಿಂತ ನನಗೆ ಚೆನ್ನಾಗಿ ಬಂದ ವಿದ್ಯೆ ಅದೊಂದೇ.

ಮಂಡಿ ಬಿಟ್ಟು ಕಲ್ಯಾಣದುರ್ಗದ ಅತ್ತೆಯ ತವರಿನ ಕಡೆ ಹೋಗಿ ನೆಲೆಸಿದ ಮೇಲೆ ಮಾವನಿಗೆ ಮುಚ್ಚಿಡುವುದಕ್ಕೆ ಏನೂ ಇಲ್ಲದೆ ಬೇಜಾರಾಗಿತ್ತೆಂದು ಕಾಣುತ್ತದೆ. ನನ್ನ ಆ್ಯಪಿನ ವಿಚಾರ ಕೇಳಿದ್ದೇ ತಡ, ಕಣ್ಣರಳಿಸಿ, "ಅಂಗಾರೆ ಇದು ಟವಲ್ಲೇ ಕಣ್ಲಾ ಅಳಿಯ! ನಮ್ ಟವಲ್ಲು ಫೋನಿಗೆ ಹೊಚ್ಚಿದೀಯ" ಎಂದರು. ನಾನು ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಿಸಲು ಹೆಣಗಿದ್ದ ಸಂಗತಿ ಅದು. ಇಂಗ್ಲಿಷ್ ಪದ ಓದಲು ಬಾರದ ಮಾವ, "ಆ ಪದಗಿದ ನಂಗ್ಯಾಕೆ, ಅದರ ನಂಬರ್ ಹೇಳು, ಕೈಗೆ ಹಾಕ್ಕಂತೀನಿ" ಎಂದು ಹಟ ಹಿಡಿದಿದ್ದರಿಂದ, ಅವರೊಬ್ಬರಿಗೋಸ್ಕರ ಪದಗಳ ಬದಲು ಅವುಗಳ ಕ್ರಮಸಂಖ್ಯೆ ತೋರಿಸುವ ಏರ್ಪಾಡು ಮಾಡಿದೆ. ನನ್ನ ಮುಂದೆ ಪರದೆ ನೋಡಲೂ ಅವರು ಒಪ್ಪಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ತಮ್ಮ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತಿದ್ದರು. ಕಾಗದದ ಮೇಲೆ ಒಂದಕ್ಷರ ಬರೆಯಲಿಲ್ಲ. ಪರೀಕ್ಷೆಗೆಂದು ಚಿಲ್ಲರೆಯಷ್ಟು ಹಾಕಿ ನೋಡಿ ಎಂದಷ್ಟೇ ಹೇಳಿ ನಾನು ಊರಿಗೆ ಮರಳಿದೆ.

ಈ ವರ್ಷದ ಶುರುವಿಗೆ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಒಂದು ಬಗೆ. ಜೀವಮಾನವಿಡೀ ಎರಡು ಭಾಷೆಗಳಲ್ಲಿ ಚೌಕಾಸಿ ಮಾಡಿದ ಆ ನಾಲಗೆಯ ಮೇಲೆ ತೆಲುಗಿನ ಒಂದೇ ಒಂದು ಮಾತು ಉಳಿದುಕೊಂಡಿತು, "ಸರೇ." ಹಸಿವಾ ಎಂದರೆ ಸರೇ, ಊಟ ಸಾಕಾ ಎಂದರೆ ಸರೇ, ನಾನು ಯಾರು ಗೊತ್ತಾ ಎಂದರೂ ಅದೇ ಸರೇ. ಎಲ್ಲದಕ್ಕೂ ಒಪ್ಪಿಗೆ ಕೊಡುವ ಮನುಷ್ಯನಷ್ಟು ಅಭೇದ್ಯನಾದವನು ಇನ್ನೊಬ್ಬನಿಲ್ಲ.

ಆಮೇಲೆ ಹೊರಬಿದ್ದ ಸುದ್ದಿ ಹೀಗಿತ್ತು. ಬ್ರಹ್ಮಸಮುದ್ರದ ದಾರಿಯಲ್ಲಿ ಅತ್ತೆಗೆ ಅವಳ ತಾಯಿಯಿಂದ ಬಂದ ಹುಣಸೆಯ ತೋಪೊಂದಿತ್ತು. ಕಾಗದ ಮಾತ್ರ ಮಾವನ ಹೆಸರಿನಲ್ಲಿತ್ತು. ಮಾವ ಅತ್ತೆಗೆ ತಿಳಿಸದೆ ಆ ಮರಗಳನ್ನು ಮರದ ವ್ಯಾಪಾರಿಯೊಬ್ಬನಿಗೆ ಮಾರಿ, ಬಂದ ಹಣವನ್ನೆಲ್ಲ ನಾಣ್ಯವಾಗಿಸಿ, ನಾನು ಕಟ್ಟಿಕೊಟ್ಟ ವಾಲೆಟ್ಟಿಗೆ ಇಳಿಸಿಬಿಟ್ಟಿದ್ದರು. ವ್ಯಾಪಾರಿ ಕೆಟ್ಟವನಲ್ಲ. ಈ ಸಲದ ಹಣ್ಣು ಉದುರಿಸಿ ಮುಗಿಯುವುದರೊಳಗೆ ಹಣ ಹಿಂದಿರುಗಿಸಿದರೆ ಮರ ನಿಮ್ಮದು, ಇಲ್ಲವಾದರೆ ಗರಗಸ ಬರುತ್ತದೆ ಎಂದಿದ್ದ. ಅತ್ತೆ ಗಾಬರಿಯಲ್ಲಿ ಮಾವನ ಫೋನು ತೆಗೆದು, ಮದುವೆಯ ತಾರೀಖು, ಮನೆಯ ನಂಬರು, ಸತ್ತ ಎತ್ತು ಕೊಂಡ ವರ್ಷ, ಹೀಗೆ ತೋಚಿದ್ದನ್ನೆಲ್ಲ ಒತ್ತಿದಳಂತೆ. ಅನ್ಯರು ಬೀಗ ಮುರಿಯಲು ಬಂದರೆ ತನ್ನನ್ನು ತಾನೇ ಅಳಿಸಿಕೊಳ್ಳುವ ಗುಣವೊಂದನ್ನು ನಾನು ಆ್ಯಪಿಗೆ ಹಾಕಿದ್ದೆ. ಒಂದು ದೋಷವೂ ಇಲ್ಲದೆ ಅದು ಕೆಲಸ ಮಾಡಿದ್ದು ಆವತ್ತೇ ಮೊದಲು. ಇನ್ನು ಉಳಿದದ್ದು ಹನ್ನೆರಡು ಸಂಖ್ಯೆಗಳು. ಅವು 'ಸರೇ' ಎಂಬ ಗೋಡೆಯ ಆಚೆಗಿದ್ದವು.

ಹೊರಟೆ. ಬಸ್ಸು ಪಾವಗಡ ದಾಟಿದ ಮೇಲೆ, ಒಂದು ಕಾಲಕ್ಕೆ ಹೊಲವಾಗಿದ್ದ ನೆಲವೆಲ್ಲ ದಿಗಂತದವರೆಗೆ ಸೋಲಾರ್ ಫಲಕಗಳು, ಒಂದೇ ಕಡೆ ಮುಖ ಮಾಡಿ ಕುಳಿತ ಸಭೆಯಂತೆ. ಒಂದು ನರಪಿಳ್ಳೆಯಿಲ್ಲ. ಅಷ್ಟೊಂದು ಕನ್ನಡಿಗಳಿದ್ದೂ ಯಾವುದರಲ್ಲೂ ಯಾರ ಮುಖವೂ ಇಲ್ಲ. ಕಲ್ಯಾಣದುರ್ಗ ಹತ್ತಿರವಾದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡವು. ಬೀಸುಗಾಳಿಯಿಲ್ಲದ ಆ ಹೊತ್ತಿನಲ್ಲಿ ಎಲ್ಲವೂ ನಿಂತಿದ್ದು, ಒಂದೇ ಒಂದು ಮಾತ್ರ ನಿಧಾನವಾಗಿ ತಿರುಗುತ್ತಿತ್ತು. ಅದೊಂದೇ ಯಾಕೆ ತಿರುಗುತ್ತಿದೆಯೆಂದು ಯೋಚಿಸುತ್ತ ನಾನು ಇಳಿಯಬೇಕಾದ ಸ್ಟಾಪನ್ನು ದಾಟಿ ಹೋದೆ.

ಅತ್ತೆ ನನ್ನನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳು. "ಯಾಕ್ ನಾಯ್ನಾ, ಇದು ನೀನೇ ಮಾಡಿದ್ದಲ್ವಾ? ಮಾಡಿದೋನಿಗೇ ತೆಗ್ಯಾಕೆ ಬರಲ್ಲ ಅಂದ್ರೆ ಯಾರ್ ನಂಬ್ತಾರೆ?"

"ಅದೇ ಅತ್ತೆ ಇದರ ವಿಶೇಷ. ನನಗೂ ಗೊತ್ತಾಗಬಾರದು ಅಂತಲೇ ಕಟ್ಟಿರೋದು."

"ಇಂಥ ವಿಶೇಷ ಯಾವನಿಗೆ ಬೇಕಾಗಿತ್ತು ಕಣಪ್ಪ! ಬೀರು ಮಾಡೋ ಆಚಾರಿನೂ ಇನ್ನೊಂದು ಕೀಲಿಕೈ ಕೊಡ್ತಾನೆ. ಮರ ಕಡಿದ್ರೆ ನಾನು ಆ ದಾರ್ಯಾಗೆ ಹೆಂಗ್ ಓಡಾಡ್ಲಿ?"

ಅವಳ ಕಣ್ಣಿನಲ್ಲಿದ್ದ ಅನುಮಾನ ನನಗೆ ಸ್ಪಷ್ಟವಾಗಿತ್ತು. ತೆರೆಯಲು ಬರುತ್ತದೆ, ಬೇಕೆಂದೇ ತೆರೆಯುತ್ತಿಲ್ಲ ಎಂದು. ಗೋಪ್ಯತೆಯನ್ನು ಮಾರುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ತಾನು ನಿಜವಾಗಿ ಅಜ್ಞಾನಿಯೆಂದು ಅವನು ಯಾರಿಗೂ ಸಾಬೀತು ಮಾಡಲಾರ.

ಮಾವ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಎದುರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು. ಬಲಗೈ ತೊಡೆಯ ಮೇಲೆ, ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ನಾನು ಪಕ್ಕದಲ್ಲಿ ಕುಳಿತು, ಬೇರೇನೂ ತೋಚದೆ, ಆ ಕೈಯನ್ನು ಹಿಡಿದುಕೊಂಡೆ. ಮಟಮಟ ಮಧ್ಯಾಹ್ನ, ಹೊರಗೆ ಕಲ್ಲು ಸಿಡಿಯುವ ಬಿಸಿಲು. ಕೈ ಮಾತ್ರ ಬಾವಿಯ ಹಗ್ಗದ ಹಾಗೆ ತಣ್ಣಗಿತ್ತು. ನೊಣಗಳು ಬಂದು ಕೂರುತ್ತಿದ್ದವು. ಅತ್ತೆ ಗೊಣಗುತ್ತಲೇ ಗೂಟದ ಮೇಲಿದ್ದ ಟವಲು ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದಳು.

ಟವಲಿನ ಕೆಳಗೆ ನನ್ನ ತೋರುಬೆರಳನ್ನು ಯಾರೋ ಹಿಡಿದರು.

ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು, ಆಗಲಿಲ್ಲ. ಮಾವನ ಮುಖ ನೋಡಿದೆ. ಅವರು ಕ್ಯಾಲೆಂಡರ್ ನೋಡುತ್ತಿದ್ದರು. ಬೆರಳು ಬಿಟ್ಟಿತು, ಗೆಣ್ಣು ಒತ್ತಿತು, ಅಂಗೈಯನ್ನು ಬರಿದೆ ಸವರಿತು. "ಅದ್ಯಾಕೆ ಹಂಗೆ ಅಲುಗ್ತಾ ಐತೆ?" ಎಂದಳು ಅತ್ತೆ. ನಾನು ಎಡಗೈಯಿಂದ ಟವಲು ಎತ್ತಿದೆ. ನನ್ನ ಅಂಗೈಯೊಳಗೆ ಮಾವನ ಕೈ ನಿರ್ಜೀವವಾಗಿ, ಬೆರಳುಗಳು ಸಡಿಲವಾಗಿ, ಉಗುರುಗಳು ಬಿಳುಪೇರಿ ಬಿದ್ದಿತ್ತು. ಒಂದು ನೊಣ ಬಂದು ಹೆಬ್ಬೆರಳ ಮೇಲೆ ಕುಳಿತಿತು. ಅದನ್ನು ಕೊಡವುವ ಶಕ್ತಿಯೂ ಆ ಕೈಗಿರಲಿಲ್ಲ.

ನನಗಿಂತ ಮೊದಲು ಅರ್ಥವಾದದ್ದು ಅತ್ತೆಗೆ. ದಲ್ಲಾಳಿಯ ಹೆಂಡತಿ ಅವಳು. ಅವಳ ದನಿ ಒಮ್ಮೆಲೇ ತಗ್ಗಿತು. "ಮುಚ್ಚು ನಾಯ್ನಾ, ಮುಚ್ಚು. ಅವರು ಯಾಪಾರ ಮಾಡ್ತಾವ್ರೆ" ಎಂದು ಹೇಳಿ, ನಮಗೆ ಬೆನ್ನು ತಿರುಗಿಸಿ ನಿಂತಳು.

ಮುಚ್ಚಿದೆ. ಕೈ ಮತ್ತೆ ಹಿಡಿಯಿತು. ಸಾವಿರ, ನೂರು, ಹತ್ತು, ಬಿಡಿ ಎಂದು ಒಂದೊಂದೇ ಅಂಕಿ, ಮಂಡಿಯ ಹಳೆಯ ಲಯದಲ್ಲಿ, ಅವಸರವಿಲ್ಲದೆ. ನಾನು ಎಡಗೈಯಿಂದ ಫೋನಿಗೆ ಒತ್ತುತ್ತ ಹೋದೆ. ನಡುನಡುವೆ ನನ್ನ ಬೆವರು ಟವಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಮ್ಮೆ ನಾನು ತಪ್ಪು ಕೇಳಿಸಿಕೊಂಡೆ. ಕೈಯ ಮಾತಿಗೂ ಕೇಳಿಸಿಕೊಳ್ಳುವುದು ಎನ್ನಬಹುದಾದರೆ. ಆಗ ಆ ಕೈ, ಕಾಲೇಜಿನ ದಿನಗಳಲ್ಲಿ ಮಾವ ಮಾಡುತ್ತಿದ್ದಂತೆಯೇ, ನನ್ನ ಮಣಿಕಟ್ಟನ್ನು ಸಣ್ಣಗೆ ಚಿವುಟಿ, ಮೊದಲಿನಿಂದ ಶುರುಮಾಡಿತು. ಹನ್ನೆರಡನೆಯದು ಮುಗಿಯುತ್ತಿದ್ದಂತೆ ಚೀಲ ತೆರೆಯಿತು. ಮರಗಳೆಲ್ಲ ಅದರಲ್ಲಿದ್ದವು.

ಕೈ ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಒಂದು ಸಂಖ್ಯೆಯನ್ನು ಹೇಳಿತು. ಹದಿಮೂರನೆಯದು. ಆಮೇಲೆ ನನ್ನ ಕೈಯನ್ನು ಒಮ್ಮೆ, ಮೂಳೆ ನೋಯುವಷ್ಟು ಬಲವಾಗಿ ಅದುಮಿ ಬಿಟ್ಟಿತು. ಒಪ್ಪಂದ ಮುಗಿದಿತ್ತು. "ಸರೇ" ಎಂದರು ಮಾವ, ಕ್ಯಾಲೆಂಡರಿಗೆ.

ಅತ್ತೆ ತಿರುಗಿ, ನನ್ನ ಮುಖವನ್ನು ನೋಡಿ, "ಸಿಕ್ತಾ?" ಎಂದಳು. ಸಿಕ್ಕಿತೆಂದೆ. ಗೋಡೆಗೆ ಒರಗಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಅಷ್ಟೇನಾ? ಇನ್ನೇನಾರ ಐತಾ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಹೇಳಿದರೆ ಮೂರು ದಿನ ನಿದ್ದೆ ಬರುವುದಿಲ್ಲ. ಇದ್ದ ಮರಗಳು ವಾಪಸು ಬಂದಾಗಿತ್ತು. ಟವಲಿನ್ನೂ ನನ್ನ ಕೈಯ ಮೇಲೆಯೇ ಇತ್ತು. "ಅಷ್ಟೇ ಅತ್ತೆ" ಎಂದೆ. ಅವಳು ನನ್ನನ್ನು ದೀರ್ಘವಾಗಿ ನೋಡಿದಳು. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಮಂಡಿಯ ನಿಯಮವನ್ನು ನನಗಿಂತ ಹೆಚ್ಚು ವರ್ಷ ಸಹಿಸಿಕೊಂಡು ಬಂದವಳು. "ಸರೇ" ಎಂದು ಎದ್ದು ಒಳಗೆ ಹೋದಳು. ಮಾವನದೇ ಮಾತು, ಮಾವನದೇ ಧಾಟಿ.

ಹಣ ರೂಪಾಯಿಯಾಗಿ, ತೆರಿಗೆಯವರ ಪಾಲು ಕಳೆದು, ಕಡಿಮೆಬಿದ್ದದ್ದಕ್ಕೆ ಅತ್ತೆ ಆ ಸಲದ ಹಣ್ಣನ್ನೇ ಸೇರಿಸಿಕೊಟ್ಟು, ವ್ಯಾಪಾರಿಯ ಕೈ ಸೇರಿತು. ಮರಗಳು ನಿಂತವು. ಆದರೆ ನಾನು ನೆಮ್ಮದಿಯ ಪ್ರಾಣಿಯಲ್ಲವಷ್ಟೆ. ಮಾವನನ್ನು ನೋಡುತ್ತಿದ್ದ ವೈದ್ಯರನ್ನು ಕೇಳಿದೆ. ಅವರು ಮಾವನ ಬಲಗೈಯನ್ನು ಟವಲಿನ ಮೇಲೆಯೂ ಕೆಳಗೆಯೂ ತಾಳ್ಮೆಯಿಂದ ಪರೀಕ್ಷಿಸಿ, "ಈ ಕೈಗೆ ಸುದ್ದಿ ಹೋಗೋ ದಾರಿಯೇ ಮುಚ್ಚಿದೆ. ನಿಮ್ಮ ಕೈಯೇ ಅದುರಿರಬೇಕು. ಆತಂಕದಲ್ಲಿ ಹಾಗಾಗುತ್ತೆ" ಎಂದರು. ನನ್ನ ಆತಂಕದ ಸಾಮರ್ಥ್ಯದ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೂ ಅದು ಹನ್ನೆರಡು ಸಂಖ್ಯೆಗಳನ್ನು ಕ್ರಮವಾಗಿ ಹೇಳಬಲ್ಲದೆಂದು ಅನಿಸುವುದಿಲ್ಲ.

ಹಾಗಾದರೆ ನೋಡಿ ನನ್ನ ಸಂಕಟ. ಆ ಕೈ ಆಡಲೇ ಇಲ್ಲವೆಂದಾದರೆ, ಆ ಸಂಖ್ಯೆಗಳು ಹೇಗೋ ನನ್ನೊಳಗೇ ಇದ್ದವು. ಅಂದರೆ ನನ್ನ ಆ್ಯಪ್ ಎಲ್ಲೋ ಸೋರುತ್ತಿದೆ, 'ನಾವೂ ತೆರೆಯಲಾರೆವು' ಎಂಬುದು ಅಪ್ಪಟ ಸುಳ್ಳು. ಆಡಿತೆಂದಾದರೆ ಆ್ಯಪ್ ಪರಿಶುದ್ಧ, ನಾನು ಪ್ರಾಮಾಣಿಕ. ಆದರೆ ಕಲ್ಯಾಣದುರ್ಗದ ಒಂದು ಪಡಸಾಲೆಯಲ್ಲಿ ಮುಚ್ಚಿದಾಗ ಮಾತ್ರ ಬದುಕುವ ಕೈಯೊಂದಿದೆ. ತಿಂಗಳುಗಟ್ಟಲೆ ಕುಳಿತು ಕೋಡಿನ ಪ್ರತಿ ಸಾಲನ್ನೂ ಓದಿದೆ, ಬೇರೆಯವರಿಂದಲೂ ಓದಿಸಿದೆ. ಎಲ್ಲೂ ಸೋರಿಕೆಯಿಲ್ಲ. ಪ್ರಾಮಾಣಿಕತೆಯ ಪ್ರಮಾಣಪತ್ರ ಕೈಗೆ ಬಂದಾಗ ಇಷ್ಟು ಭಯಪಟ್ಟ ಮನುಷ್ಯ ಇನ್ನೊಬ್ಬನಿರಲಾರ.

ಹದಿಮೂರನೆಯದನ್ನು ಹಾಕಿ ನೋಡಬಹುದು. ಏನಾದರೂ ಇದ್ದರೆ ಕೈ ನಿಜ. ಇಲ್ಲದಿದ್ದರೆ ಖಾಲಿ ಚೀಲ ತೆರೆಯುತ್ತದೆ; ಅದು ಸುಳ್ಳು ಸಂಖ್ಯೆಯ ಖಾಲಿಯೋ, ಮಾವ ಬೇಕೆಂದೇ ಖಾಲಿಯಿಟ್ಟ ಕೋಣೆಯೋ ಎಂದೂ ತಿಳಿಯುವುದಿಲ್ಲ. ಹಾಕಿ ನೋಡಿಲ್ಲ. ಎಷ್ಟೋ ವರ್ಷ ಗಣಿತದಿಂದ ಗುಟ್ಟು ಕಾಯುವ ಯಂತ್ರವನ್ನು ಕಟ್ಟಿದವನಿಗೆ ಈಗ ಸಣ್ಣದಾಗಿ ಹೊಳೆದಿದೆ: ಯಂತ್ರ ಗುಟ್ಟು ಕಾಯುವುದು ಅದಕ್ಕೆ ಗೊತ್ತಿಲ್ಲದೆ ಇರುವುದರಿಂದ. ಮನುಷ್ಯ ಕಾಯಬೇಕಾದದ್ದು ಗೊತ್ತಿದ್ದೂ. ಮಾವ ಕೊನೆಯ ವ್ಯಾಪಾರಕ್ಕೆ ಹುಡುಕಿದ್ದು ಬೀಗವನ್ನಲ್ಲ, ಬಾಯಿ ಮುಚ್ಚಿಕೊಂಡಿರಬಲ್ಲ ಒಂದು ಕೈಯನ್ನು. ಅಂಜುಬುರುಕನನ್ನೇ ಆರಿಸಿದ್ದು ದಲ್ಲಾಳಿಯ ಅನುಭವ.

ಮೊನ್ನೆ ಮತ್ತೆ ಹೋಗಿದ್ದೆ. ಮಾವ ಹಾಗೆಯೇ ಇದ್ದಾರೆ, ಅದೇ ಕ್ಯಾಲೆಂಡರ್, ಅದೇ ಸರೇ. ಅವರ ಕೈ ಹಿಡಿಯುವ ಧೈರ್ಯವಾಗಲಿಲ್ಲ. ಹೊರಡುವಾಗ ಅತ್ತೆ, "ಬಿಸಿಲು ಐತೆ, ತಲೆಗೆ ಹಾಕ್ಕೊ" ಎಂದು ಗೂಟದ ಮೇಲಿನ ಆ ಟವಲನ್ನೇ ಕೊಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಸೋಲಾರ್ ಫಲಕಗಳ ಬಯಲು ಬಂದಾಗ, 'ಹೊರಟಿದ್ದೇನೆ' ಎಂದು ಹೆಂಡತಿಗೆ ಬರೆಯತೊಡಗಿದೆ. ಪಕ್ಕದ ಹಿರಿಯರ ಗದ್ದ ವಾಡಿಕೆಯಂತೆ ನನ್ನ ಭುಜದ ಹತ್ತಿರ ಬಂತು. ಈ ಸಲ ನಾನು ಬುದ್ಧಿ ಕಲಿತಿದ್ದೆ. ಟವಲನ್ನು ತೊಡೆಯ ಮೇಲೆ ಹರಡಿ, ಫೋನನ್ನೂ ಬಲಗೈಯನ್ನೂ ಅದರ ಕೆಳಗೆ ಸೇರಿಸಿ, ಕಿಟಕಿಯ ಹೊರಗೆ ನೋಡಿದೆ.

ಹಿರಿಯರಿಗೆ ಓದಲು ಏನೂ ಉಳಿಯಲಿಲ್ಲ. ಅವರು ಅಲುಗುತ್ತಿದ್ದ ಟವಲನ್ನೇ ನೋಡಿದರು. ಒಂದಷ್ಟು ಹೊತ್ತು ನೋಡಿ, ಹಳೆಯ ಮಂಡಿಯ ಮನುಷ್ಯನ ಸಲಿಗೆಯಲ್ಲಿ ನಕ್ಕು ಕೇಳಿದರು: "ಏನಣ್ಣ, ಯಾಪಾರ ಜೋರಾಗೇ ನಡೀತಾ ಐತೆ. ಯಾರ ಜತೆ?"

ನನ್ನ ಬೆರಳುಗಳು ಯಾವಾಗಲೋ ನಿಂತಿದ್ದವು. ಯಾರ ಜತೆ ಎಂದು ಹೇಳುವಂತಿಲ್ಲ. ಹಿಂದೂಪುರ ಬರುವವರೆಗೂ ಟವಲನ್ನು ಎತ್ತಲೂ ಇಲ್ಲ.